‘ಅರ್ಥ’ ಹೋಗಿ ‘ಅರ್ಧ’ ಆಗದಂತೆ ಟಿವಿಗೆ ಕಂಪ್ಯೂಟರ್ ಜೋಡಿಸುವುದು

ನಮ್ಮ ಅಪ್ಪಯ್ಯ 33 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವರು. ಈಗ ಅವರಿಗೆ 79. ಎರಡೂ ಕಣ್ಣಿನ ಪೊರೆ ತೆಗೆಸಿದ್ದೇವೆ, ಆದರೆ ರೆಟಿನಾದ ನಡುಭಾಗವೇ ಸವೆದಿದೆ. ಅಂಗಳ, ತೋಟ, ದಾರಿಯಲ್ಲಿ ಓಡಾಡುವವರು ಎಲ್ಲ ಕಾಣುತ್ತದೆ, ಪುಸ್ತಕದ ಅಕ್ಷರ ಮಾತ್ರ ಕಲಸಿಹೋಗುತ್ತದೆ. ಭೂತಗನ್ನಡಿ ಹಿಡಿದು ಒಂದು ಪುಟ ಓದುವಷ್ಟರಲ್ಲಿ ಕೈ ಸೋಲುತ್ತದೆ. ಎರಡು ವರ್ಷದ ಹಿಂದೆ ಒಂದು ಸಂಜೆ, ಕಪಾಟಿನ ಪುಸ್ತಕಗಳನ್ನೆಲ್ಲ ಊರಿನ ಶಾಲೆಗೆ ಕೊಟ್ಟುಬಿಡು ಅಂದರು. ಆ ಮಾತು ಕೇಳಿದ ರಾತ್ರಿಯೇ ನಾನು ನನ್ನ ಲ್ಯಾಪ್‌ಟಾಪನ್ನು ಜಗಲಿಯ ಟಿವಿಗೆ ಜೋಡಿಸಿದ್ದು.

ಚಿತ್ರ ಬಂತು. ಐದು ನಿಮಿಷದ ಕೆಲಸ. ಸ್ಕ್ಯಾನ್ ಮಾಡಿದ ಹಳೆಯ ಮಾಸಪತ್ರಿಕೆಯೊಂದರ ಪುಟ ತೆರೆದು, ಕುರ್ಚಿಯನ್ನು ಟಿವಿಗೆ ನಾಲ್ಕಡಿ ದೂರಕ್ಕೆ ಎಳೆದು ಅಪ್ಪಯ್ಯನನ್ನು ಕೂರಿಸಿದೆ. ಎರಡನೇ ಸಾಲಿಗೇ ನಿಂತರು. “ಇದು ಅರ್ಥವೋ ಅರ್ಧವೋ ಮಾರಾಯ್ತಿ?” ಹತ್ತಿರ ಹೋಗಿ ನೋಡಿದೆ. ನನಗೂ ಗೊತ್ತಾಗಲಿಲ್ಲ. ಥಕಾರದ ಹೊಟ್ಟೆಯೊಳಗಿನ ಚುಕ್ಕಿ ಮುಚ್ಚಿಹೋಗಿತ್ತು. ಅದೇ ಪುಟ ಲ್ಯಾಪ್‌ಟಾಪಿನ ಪರದೆಯ ಮೇಲೆ ಸ್ಪಷ್ಟವಾಗಿತ್ತು. ಅಂದರೆ ಅಪ್ಪಯ್ಯನ ಕಣ್ಣಿಗೆ ಮೊದಲೇ ಅಕ್ಷರ ಕೆಟ್ಟು ಟಿವಿಗೆ ಬಂದಿತ್ತು.

ಟಿವಿಗೆ ಕಂಪ್ಯೂಟರ್ ಜೋಡಿಸಿಕೊಟ್ಟವರು ಸಾಮಾನ್ಯವಾಗಿ ಚಿತ್ರ ಬಂದಲ್ಲಿಗೆ ಕೆಲಸ ಮುಗಿಯಿತೆಂದು ಎದ್ದುಬಿಡುತ್ತಾರೆ. ಕ್ರಿಕೆಟ್ ನೋಡುವವರಿಗೆ ಅಷ್ಟು ಸಾಕು. ಓಡುವ ಚಿತ್ರದಲ್ಲಿ ಅಂಚು ಮಸುಕಾದರೂ ಕಣ್ಣು ಸರಿತೂಗಿಸಿಕೊಳ್ಳುತ್ತದೆ. ಕನ್ನಡ ಓದುವವರಿಗೆ ಸಾಲದು. ನಮ್ಮ ಲಿಪಿಯಲ್ಲಿ ದ ಮತ್ತು ಧ ನಡುವೆ ಇರುವುದು ಒಂದು ಸಣ್ಣ ಸೀಳು. ಪ ಮತ್ತು ಹೊಟ್ಟೆ ಸೀಳಿದ ಷ ನಡುವೆ ಒಂದು ಗೆರೆ. ಒತ್ತಕ್ಷರವಂತೂ ಮೂಲ ಅಕ್ಷರಕ್ಕಿಂತ ಎಷ್ಟೋ ಚಿಕ್ಕದು. ಅಷ್ಟು ಸಣ್ಣ ಗುರುತುಗಳು ಟಿವಿಯ ಪರದೆಯವರೆಗೆ ಕೆಡದೆ ಬರಬೇಕಾದರೆ ಏನೇನು ಮಾಡಬೇಕು ಎನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಪರೀಕ್ಷೆಯ ಹಾಳೆ

ವೈರಿಗೆ ಕೈ ಹಾಕುವ ಮೊದಲು ಕಂಪ್ಯೂಟರಿನಲ್ಲಿ ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರದಲ್ಲಿ ಇಷ್ಟು ಪದ ಬರೆದಿಟ್ಟುಕೊಳ್ಳಿ: ಅರ್ಥ, ಅರ್ಧ, ದನ, ಧನ, ಬಂದು, ಬಂಧು, ಆಷಾಢ, ದೃಢ, ರಾಷ್ಟ್ರ, ಸ್ತ್ರೀ, ಲಕ್ಷ್ಮಿ. ಒಂದು ಸಾಲು 12ರ ಅಳತೆಯಲ್ಲಿ, ಇನ್ನೊಂದು 18ರಲ್ಲಿ, ಮತ್ತೊಂದು 36ರಲ್ಲಿ. ಕೆಳಗೆ ಕೆಂಪು ಹಿನ್ನೆಲೆಯ ಮೇಲೆ ನೀಲಿ ಅಕ್ಷರದಲ್ಲಿ ಅದೇ ಸಾಲನ್ನು ಇನ್ನೊಮ್ಮೆ ಬರೆಯಿರಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಮುಂದೆ ಅದು ಬೇಕಾಗುತ್ತದೆ. ಪ್ರತಿ ಹಂತ ಮುಗಿದ ಮೇಲೆ ಈ ಹಾಳೆ ನೋಡಿ. ‘ಆಷಾಢ’ ಪದದಲ್ಲಿ ಷ, ಢ ಎರಡೂ ಇರುವುದರಿಂದ ನನಗೆ ಅದೊಂದೇ ಪದ ಮುಕ್ಕಾಲು ಪರೀಕ್ಷೆ ಮಾಡಿಕೊಡುತ್ತದೆ.

ಯಾವ ಕಿಂಡಿಗೆ ಯಾವ ವೈರು

ಈಗಿನ ಎಲ್ಲ ಟಿವಿಯಲ್ಲೂ, ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲೂ ಇರುವುದು ಎಚ್‌ಡಿಎಂಐ. ಸುಮಾರು 14 ಮಿಲಿಮೀಟರ್ ಅಗಲ, ಕೆಳಗಿನ ಎರಡೂ ಮೂಲೆ ಓರೆ, ಒಳಗೆ 19 ಪಿನ್. 2002ರ ಕೊನೆಗೆ ಇದರ ಮೊದಲ ಮಾನದಂಡ ಬಂತು. ಚಿತ್ರ, ಶಬ್ದ ಎರಡೂ ಒಂದೇ ಕೇಬಲಿನಲ್ಲಿ ಹೋಗುವುದು ಇದರ ದೊಡ್ಡ ಅನುಕೂಲ. ಡೆಸ್ಕ್‌ಟಾಪಿನ ಹಿಂದೆ ಇದೇ ತರಹ ಕಾಣುವ, ಆದರೆ ಒಂದೇ ಮೂಲೆ ಕತ್ತರಿಸಿದ ಕಿಂಡಿ ಇದ್ದರೆ ಅದು ಡಿಸ್‌ಪ್ಲೇಪೋರ್ಟ್. ಅದಕ್ಕೆ ಎಚ್‌ಡಿಎಂಐ ಪಿನ್ ತುರುಕಬೇಡಿ, ಒಳಗಿನ ನಾಲಗೆ ಮುರಿಯುತ್ತದೆ. ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಬೇರೆಯೇ ಸಿಗುತ್ತದೆ.

ತೆಳು ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ-ಸಿ ಮಾತ್ರ ಇದ್ದರೆ ಎಚ್ಚರ. ಎಲ್ಲ ಸಿ ಕಿಂಡಿಯಿಂದಲೂ ಚಿತ್ರ ಹೊರಡುವುದಿಲ್ಲ, ಕೆಲವು ಚಾರ್ಜಿಂಗ್ ಮತ್ತು ಪೆನ್‌ಡ್ರೈವಿಗಷ್ಟೇ ಇರುತ್ತವೆ. ಕಿಂಡಿಯ ಪಕ್ಕ ಮಿಂಚಿನ ಗುರುತೋ ಡಿಸ್‌ಪ್ಲೇಪೋರ್ಟಿನ ಗುರುತೋ ಇದೆಯೇ ನೋಡಿ. ಮಿಂಚಿನ ಗುರುತು ಕೆಲವೊಮ್ಮೆ ಬರೀ ಚಾರ್ಜಿಂಗಿನದ್ದೂ ಇರುತ್ತದೆ. ಹಾಗಾಗಿ ಲ್ಯಾಪ್‌ಟಾಪಿನ ಮಾಡೆಲ್ ಸಂಖ್ಯೆ ಹಾಕಿ, ಸಿ ಕಿಂಡಿಯಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಇದೆಯೇ ಎಂದು ಕಂಪನಿಯ ಪುಟದಲ್ಲಿ ನೋಡಿಕೊಂಡೇ ಕನ್ವರ್ಟರ್ ಕೊಳ್ಳಿ.

ಹಳೆಯ ಕಂಪ್ಯೂಟರಿನ ನೀಲಿ ಬಣ್ಣದ, 15 ತೂತಿನ, ಎರಡು ಸ್ಕ್ರೂ ಇರುವ ಕಿಂಡಿ ವಿಜಿಎ. 1987ರದ್ದು. ಅದರಲ್ಲಿ ಶಬ್ದ ಹೋಗುವುದಿಲ್ಲ. ಅದನ್ನು ಟಿವಿಗೆ ಕೊಡಲು ಕನ್ವರ್ಟರ್ ಬೇಕು, ಮತ್ತು ಆ ಕನ್ವರ್ಟರಿಗೆ ದಿಕ್ಕಿದೆ. ಅಂಗಡಿಯಲ್ಲಿ ‘ವಿಜಿಎ-ಎಚ್‌ಡಿಎಂಐ ಕನ್ವರ್ಟರ್’ ಎಂದಷ್ಟೇ ಕೇಳಿದರೆ ಉಲ್ಟಾದ್ದು ಕೊಡುವುದೇ ಹೆಚ್ಚು, ಯಾಕೆಂದರೆ ಹೊಸ ಲ್ಯಾಪ್‌ಟಾಪಿನಿಂದ ಹಳೆಯ ಪ್ರೊಜೆಕ್ಟರಿಗೆ ಹೋಗುವ ಕನ್ವರ್ಟರಿಗೇ ಬೇಡಿಕೆ. ನಾನು ಕೆಲಸ ಮಾಡುವ ಶಾಲೆಯ ಡೆಸ್ಕ್‌ಟಾಪಿಗೆಂದು ಶಿವಮೊಗ್ಗದಿಂದ ತಂದದ್ದು ಹೀಗೆ ವ್ಯರ್ಥವಾಗಿ, ಬದಲಾಯಿಸಲು 60 ಕಿಲೋಮೀಟರ್ ಮತ್ತೆ ಹೋಗಬೇಕಾಯಿತು. “ಕಂಪ್ಯೂಟರ್ ಕಡೆ ವಿಜಿಎ, ಟಿವಿ ಕಡೆ ಎಚ್‌ಡಿಎಂಐ” ಎಂದು ಬಿಡಿಸಿ ಹೇಳಿ. ಸರಿಯಾದ ಕನ್ವರ್ಟರಿಗೆ ವಿದ್ಯುತ್ತಿಗಾಗಿ ಒಂದು ಯುಎಸ್‌ಬಿ ಬಾಲ, ಶಬ್ದಕ್ಕಾಗಿ ಇಯರ್‌ಫೋನ್ ತೂತಿಗೆ ಹಾಕುವ ಇನ್ನೊಂದು ಬಾಲ ಇರುತ್ತದೆ. ಎರಡೂ ಇದ್ದರೆ ಸರಿಯಾದದ್ದೇ ಸಿಕ್ಕಿದೆ.

ವೈರಿಲ್ಲದೆಯೂ ಆಗುತ್ತದಲ್ಲ ಎಂದು ನನ್ನ ತಮ್ಮ ಕೇಳಿದ. ಆಗುತ್ತದೆ. ವಿಂಡೋಸ್ ಗುರುತಿನ ಕೀ ಹಿಡಿದು ಕೆ ಒತ್ತಿದರೆ ಹತ್ತಿರದ ಟಿವಿಯ ಹೆಸರು ಬರುತ್ತದೆ. ಫೋಟೋ ತೋರಿಸಲು ಅದು ಚೆನ್ನ. ಆದರೆ ಅದು ಪರದೆಯನ್ನು ವಿಡಿಯೋ ಮಾಡಿ, ಹಿಂಡಿ ಕಳಿಸುತ್ತದೆ. ಹಿಂಡುವಾಗ ಮೊದಲು ಹೋಗುವುದೇ ಅಕ್ಷರದ ಅಂಚು. ಓದಲು ವೈರೇ ಬೇಕು.

ಜೋಡಿಸುವಾಗ ಕರೆಂಟು ತೆಗೆಯಿರಿ

ಎಚ್‌ಡಿಎಂಐಯನ್ನು ಚಾಲೂ ಇರುವಾಗಲೇ ಹಾಕಬಹುದು ಎನ್ನುತ್ತಾರೆ. ಹಾಗೆಂದೇ ಮಾಡಿದ್ದೂ ನಿಜ. ಆದರೆ ನಮ್ಮ ಮನೆಗಳಲ್ಲಿ ಟಿವಿಗೆ ಎರಡೇ ಪಿನ್ನಿನ ಪ್ಲಗ್, ಎಷ್ಟೋ ಲ್ಯಾಪ್‌ಟಾಪ್ ಚಾರ್ಜರಿಗೂ ಎರಡೇ ಪಿನ್, ಮೂರು ಪಿನ್ ಇದ್ದರೂ ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇರುವುದು ಅನುಮಾನ. ಚಾರ್ಜರಿನ ಒಳಗಿನ ಸಣ್ಣ ಕೆಪಾಸಿಟರ್ ಮೂಲಕ ತುಸು ಕರೆಂಟು ಲೋಹದ ಭಾಗಕ್ಕೆ ಬಂದಿರುತ್ತದೆ. ಬರಿಗಾಲಿನಲ್ಲಿ ನಿಂತು ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ ಅನ್ನುವುದು ಅದೇ. ಮನುಷ್ಯರಿಗೆ ಅದು ಸಾಮಾನ್ಯವಾಗಿ ಬರೀ ಜುಮ್, ಪೋರ್ಟಿನ ಚಿಪ್ಪಿಗೆ ಮಾತ್ರ ಅಪಾಯ. ಹಾಗಾಗಿ ನಾನು ಟಿವಿಯ ಸ್ವಿಚ್ ಗೋಡೆಯಲ್ಲೇ ಆರಿಸುತ್ತೇನೆ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿಡುತ್ತೇನೆ, ಕೇಬಲ್ ಎರಡೂ ಕಡೆ ಪೂರ್ತಿ ಒಳಗೆ ಕೂತಮೇಲೆ ಎರಡಕ್ಕೂ ಕರೆಂಟು ಕೊಡುತ್ತೇನೆ.

ಮೊದಲು ಟಿವಿ ಹಾಕಿ, ರಿಮೋಟಿನ ‘ಸೋರ್ಸ್’ ಅಥವಾ ‘ಇನ್‌ಪುಟ್’ ಗುಂಡಿ ಒತ್ತಿ ನೀವು ಕೇಬಲ್ ಚುಚ್ಚಿದ ಪೋರ್ಟಿನ ಸಂಖ್ಯೆ ಆರಿಸಿ. ಆಮೇಲೆ ಕಂಪ್ಯೂಟರ್ ಹಾಕಿ. ಈ ಕ್ರಮಕ್ಕೆ ಕಾರಣವಿದೆ. ಕೇಬಲ್ ಸೇರಿದ ಕೂಡಲೇ ಟಿವಿ ತನ್ನ ಜಾತಕವನ್ನು ಕಂಪ್ಯೂಟರಿಗೆ ಕಳಿಸುತ್ತದೆ: ನಾನು ಇಂಥ ಕಂಪನಿಯವಳು, ನನ್ನ ಪರದೆಯಲ್ಲಿ ಇಷ್ಟು ಚುಕ್ಕಿ (ಪಿಕ್ಸೆಲ್), ಸೆಕೆಂಡಿಗೆ ಇಷ್ಟು ಚಿತ್ರ ತೋರಿಸಬಲ್ಲೆ, ಶಬ್ದವೂ ಬರುತ್ತದೆ, ಹೀಗೆ. ಮೂಲ ಜಾತಕ 128 ಬೈಟಿನದು. ಕಂಪ್ಯೂಟರ್ ಅದನ್ನು ಓದಿಯೇ ಏನು ಕಳಿಸಬೇಕೆಂದು ನಿರ್ಧರಿಸುವುದು. ಜಾತಕ ಸರಿಯಾಗಿ ತಲುಪದಿದ್ದರೆ ‘ನೋ ಸಿಗ್ನಲ್’ ಬರುತ್ತದೆ, ಇಲ್ಲವೇ ಚಿತ್ರ ಒಡ್ಡೊಡ್ಡಾಗಿ ಬರುತ್ತದೆ. ಹಾಗಾದರೆ ಎರಡನ್ನೂ ಆಫ್ ಮಾಡಿ, ಒಂದು ನಿಮಿಷ ಬಿಟ್ಟು, ಟಿವಿಯಿಂದ ಶುರುಮಾಡಿ.

ಇಷ್ಟಾದರೂ ಟಿವಿ ಕಪ್ಪಗಿದ್ದರೆ ವಿಂಡೋಸ್ ಕೀ ಹಿಡಿದು ಪಿ ಒತ್ತಿ. ನಾಲ್ಕು ಆಯ್ಕೆ ಬರುತ್ತವೆ: ಕಂಪ್ಯೂಟರಿನಲ್ಲಿ ಮಾತ್ರ, ಎರಡರಲ್ಲೂ ಒಂದೇ, ಎರಡನ್ನೂ ಸೇರಿಸಿ ಅಗಲ, ಎರಡನೇ ಪರದೆಯಲ್ಲಿ ಮಾತ್ರ. ‘ಡುಪ್ಲಿಕೇಟ್’ ಎಂಬ ಎರಡನೆಯದನ್ನೇ ಎಲ್ಲರೂ ಒತ್ತುವುದು. ನಾನೂ ಅದನ್ನೇ ಒತ್ತಿದ್ದೆ. ಓದುವವರಿಗೆ ಅದು ಬೇಡ. ಎರಡೂ ಪರದೆಗೆ ಒಂದೇ ಚಿತ್ರ ಹೋಗಬೇಕಾದಾಗ ಚುಕ್ಕಿಗಳ ಲೆಕ್ಕವೂ ಒಂದೇ ಆಗುತ್ತದೆ, ಸಾಮಾನ್ಯವಾಗಿ ಕಡಿಮೆ ಇರುವ ಪರದೆಯದ್ದು. ನನ್ನ ಲ್ಯಾಪ್‌ಟಾಪಿನ ಪರದೆ 1366×768, ಅಂದರೆ ಅಡ್ಡಕ್ಕೆ 1366 ಚುಕ್ಕಿ, ಮೇಲಿಂದ ಕೆಳಕ್ಕೆ 768. ಅದನ್ನು ದೊಡ್ಡ ಟಿವಿಗೆ ಹಿಗ್ಗಿಸಿ ಕಳಿಸಿದರೆ ಥಕಾರದ ಚುಕ್ಕಿ ಎಲ್ಲಿ ಉಳಿದೀತು? ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸಿ. ನಿಮ್ಮ ಕೆಲಸವೂ ಪಕ್ಕದಲ್ಲಿ ನಡೆಯಬೇಕಿದ್ದರೆ ‘ಎಕ್ಸ್‌ಟೆಂಡ್’.

ಅಂಚು ತಿನ್ನುವ ಟಿವಿ

ಈಗ ಪರದೆಯ ಕೆಳಗಿನ ಪಟ್ಟಿ ನೋಡಿ. ಗಡಿಯಾರ, ಸ್ಟಾರ್ಟ್ ಗುಂಡಿ ಪೂರ್ತಿ ಕಾಣುತ್ತಿವೆಯೇ? ನಮ್ಮ ಟಿವಿಯಲ್ಲಿ ಅರ್ಧ ಪಟ್ಟಿಯೇ ಇರಲಿಲ್ಲ. ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಗಾಜಿನ ಕೊಳವೆಯ ದಪ್ಪ ಟಿವಿಗಳ ಕಾಲದಲ್ಲಿ ಚಿತ್ರದ ಅಂಚು ನೆಟ್ಟಗಿರುತ್ತಿರಲಿಲ್ಲ, ಅದಕ್ಕೆ ಚಿತ್ರವನ್ನು ತುಸು ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುತ್ತಿದ್ದರು. ಕೊಳವೆ ಹೋಗಿ ಎಷ್ಟೋ ವರ್ಷವಾದರೂ ಆ ಅಭ್ಯಾಸ ಅನೇಕ ಟಿವಿಗಳಲ್ಲಿ ಉಳಿದಿದೆ.

ಅಂಚು ಹೋಗುವುದು ಸಣ್ಣ ನಷ್ಟ. ದೊಡ್ಡ ನಷ್ಟ ಒಳಗಿನದು. ನೂರು ಚುಕ್ಕಿಯಲ್ಲಿ 95ನ್ನು ಮಾತ್ರ ಇಟ್ಟುಕೊಂಡು ಅದನ್ನೇ ನೂರರ ಜಾಗಕ್ಕೆ ಎಳೆದರೆ ಪ್ರತಿ ಚುಕ್ಕಿಯೂ ಪಕ್ಕದ್ದರ ಮೇಲೆ ಚೆಲ್ಲುತ್ತದೆ. ಒಂದು ಚುಕ್ಕಿಯಷ್ಟೇ ಅಗಲವಿದ್ದ ಧಕಾರದ ಸೀಳು ಎರಡು ಬೂದು ಚುಕ್ಕಿಯಾಗಿ ಹರಡಿ ಕಾಣದೆ ಹೋಗುತ್ತದೆ.

ಸರಿಮಾಡುವುದು ಟಿವಿಯ ರಿಮೋಟಿನಲ್ಲಿ. ‘ಪಿಕ್ಚರ್’ ಪಟ್ಟಿಯೊಳಗೆ ಚಿತ್ರದ ಅಳತೆಯ ಜಾಗಕ್ಕೆ ಹೋಗಿ. ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’ ಅಥವಾ ‘ಫಿಟ್ ಟು ಸ್ಕ್ರೀನ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’, ಬೇರೆ ಕೆಲವದರಲ್ಲಿ ‘ಡಾಟ್ ಬೈ ಡಾಟ್’. ಹೆಸರು ಬೇರೆ, ಕೆಲಸ ಒಂದೇ: ಬಂದ ಚುಕ್ಕಿಯನ್ನು ಬಂದ ಹಾಗೇ ತೋರಿಸು ಎನ್ನುವುದು. ಟಿವಿಯಲ್ಲಿ ಎಲ್ಲೂ ಸಿಗದಿದ್ದರೆ ಕಂಪ್ಯೂಟರಿನ ಗ್ರಾಫಿಕ್ಸ್ ತಂತ್ರಾಂಶದಲ್ಲಿ ಚಿತ್ರವನ್ನು ಕುಗ್ಗಿಸಿ ಚೌಕಟ್ಟಿಗೆ ಕೂರಿಸಬಹುದು. ಆಗ ಅಂಚು ವಾಪಸು ಬರುತ್ತದೆ, ಚುಕ್ಕಿ ಚೆಲ್ಲುವುದು ನಿಲ್ಲುವುದಿಲ್ಲ. ಅದು ಕೊನೆಯ ದಾರಿ ಮಾತ್ರ.

32 ಇಂಚಿನ ಟಿವಿಯ ವಿಚಿತ್ರ ಲೆಕ್ಕ

ನಮ್ಮ ಮೊದಲಿನ ಟಿವಿ 32 ಇಂಚಿನದು, ಪೆಟ್ಟಿಗೆಯ ಮೇಲೆ ‘ಎಚ್‌ಡಿ ರೆಡಿ’ ಎಂದಿತ್ತು. ಊರ ಮನೆಗಳಲ್ಲಿ ಬಹಳ ಕಡೆ ಇರುವುದು ಇದೇ. ಅದಕ್ಕೆ ಇಲ್ಲಿ ತುಸು ನಿಂತು ಹೇಳುತ್ತೇನೆ.

ಎಚ್‌ಡಿ ಪ್ರಸಾರದ ಅಳತೆಗಳು ಎರಡು, 1280×720 ಮತ್ತು 1920×1080. ಈ ಟಿವಿಗಳ ಪರದೆ ಎರಡೂ ಅಲ್ಲ, ಅದು 1366×768. ಟಿವಿ ಮಾತ್ರ ತನ್ನ ಜಾತಕದಲ್ಲಿ 1080 ಕೂಡ ಬರೆದುಕೊಂಡಿರುತ್ತದೆ. ಕಂಪ್ಯೂಟರ್ ಅದನ್ನು ನಂಬಿ 1920×1080 ಕಳಿಸುತ್ತದೆ, ಟಿವಿ ಅದನ್ನು ತನ್ನ ಪರದೆಗೆ ಅದುಮುತ್ತದೆ. ಹತ್ತು ಚುಕ್ಕಿ ಏಳಾಗಬೇಕು. ನಮ್ಮ ‘ಅರ್ಥ’ ‘ಅರ್ಧ’ ಆದದ್ದು ಅಲ್ಲಿ. 1280×720 ಕಳಿಸಿದರೆ ಉಲ್ಟಾ, ಹಿಗ್ಗಿಸುತ್ತದೆ. ಅದೂ ಮಸುಕೇ.

ಹಾಗಾದರೆ 1366×768 ಅನ್ನೇ ಕಳಿಸಬಾರದೇ? ಪಟ್ಟಿಯಲ್ಲಿ ಹುಡುಕಿದೆ, ಇರಲಿಲ್ಲ. 1366 ಎಂಟರಿಂದ ಭಾಗವಾಗುವುದಿಲ್ಲ, ಜಾತಕದಲ್ಲಿ ಅಗಲವನ್ನು ಬರೆಯುವ ಒಂದು ಹಳೆಯ ಪದ್ಧತಿಗೆ ಎಂಟರ ಗುಣಕವೇ ಆಗಬೇಕು. ಹಾಗಾಗಿ ಅನೇಕ ಟಿವಿಗಳು ಅದರ ಹತ್ತಿರದ 1360×768 ಅನ್ನು ಕೊಟ್ಟಿರುತ್ತವೆ. ಇದು ಮಾಮೂಲಿ ಪಟ್ಟಿಯಲ್ಲಿ ಕಾಣದಿದ್ದರೆ ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಡಿಸ್‌ಪ್ಲೇ’, ‘ಅಡ್ವಾನ್ಸ್‌ಡ್ ಡಿಸ್‌ಪ್ಲೇ’ಗೆ ಹೋಗಿ, ಮೇಲೆ ಟಿವಿಯ ಹೆಸರು ಆರಿಸಿ, ‘ಡಿಸ್‌ಪ್ಲೇ ಅಡಾಪ್ಟರ್ ಪ್ರಾಪರ್ಟೀಸ್’ ಒತ್ತಿ, ‘ಲಿಸ್ಟ್ ಆಲ್ ಮೋಡ್ಸ್’ ತೆರೆಯಿರಿ. ಅಲ್ಲಿ ಉದ್ದದ ಪಟ್ಟಿ ಬರುತ್ತದೆ. ನಮ್ಮ ಟಿವಿಯಲ್ಲಿ 1360×768 ಅಲ್ಲಿತ್ತು. ಅದನ್ನು ಒತ್ತಿ ‘ಜಸ್ಟ್ ಸ್ಕ್ಯಾನ್’ ಹಾಕಿದಾಗ ಎಡಬಲಕ್ಕೆ ಮೂರು ಮೂರು ಚುಕ್ಕಿ ಕಪ್ಪು ಉಳಿಯಿತು, ನಡುವೆ ಥಕಾರದ ಚುಕ್ಕಿ ಬಂದು ಕೂತಿತು. ಆ ರಾತ್ರಿ ಅಪ್ಪಯ್ಯ ಹನ್ನೊಂದು ಪುಟ ಓದಿದರು. ಅಮ್ಮ ಊಟಕ್ಕೆ ಮೂರು ಸಲ ಕರೆಯಬೇಕಾಯಿತು.

ನಿಮ್ಮ ಟಿವಿಯಲ್ಲಿ ಆ ಅಳತೆ ಇಲ್ಲದೆಯೂ ಇರಬಹುದು. ಆಗ 1080 ಮತ್ತು 720 ಎರಡನ್ನೂ ಹಾಕಿ ಪರೀಕ್ಷೆಯ ಹಾಳೆ ನೋಡಿ, ಉತ್ತಮವಾದದ್ದನ್ನು ಇಟ್ಟುಕೊಂಡು ಅಕ್ಷರವನ್ನೇ ದೊಡ್ಡದು ಮಾಡಿ. ಪರದೆ ನಿಜವಾಗಿ 1920×1080 ಇರುವ ‘ಫುಲ್ ಎಚ್‌ಡಿ’ ಟಿವಿಯವರಿಗೆ ಈ ಯಾವ ತೊಂದರೆಯೂ ಇಲ್ಲ, ‘ರೆಕಮೆಂಡೆಡ್’ ಎಂದಿರುವ 1920×1080 ಆರಿಸಿದರೆ ಮುಗಿಯಿತು.

ಟಿವಿಯ ಬುದ್ಧಿವಂತಿಕೆ ಆಫ್ ಮಾಡಿ

ಟಿವಿ ಬಂದ ಚಿತ್ರವನ್ನು ಹಾಗೇ ತೋರಿಸುವುದಿಲ್ಲ, ಚಂದ ಮಾಡಲು ಹೋಗುತ್ತದೆ. ‘ಶಾರ್ಪ್‌ನೆಸ್’ ಹೆಚ್ಚಿದ್ದರೆ ಪ್ರತಿ ಅಕ್ಷರದ ಸುತ್ತ ಬಿಳಿ ಪ್ರಭಾವಳಿ ಬಂದು ಸಣ್ಣ ಸಂದು ಮುಚ್ಚುತ್ತದೆ. ಹೆಸರು ನೋಡಿ ಜಾಸ್ತಿ ಇಟ್ಟರೆ ಒಳ್ಳೆಯದೆಂದು ಅನಿಸುತ್ತದೆ, ಓದಲು ಕಡಿಮೆ ಇಟ್ಟಷ್ಟೂ ಒಳ್ಳೆಯದು. ಹೆಚ್ಚಿನ ಟಿವಿಯಲ್ಲಿ ಸೊನ್ನೆಗೆ ಇಳಿಸಿ, ಸೋನಿಯ ಕೆಲವು ಟಿವಿಗಳಲ್ಲಿ 50 ಎನ್ನುವುದೇ ಮಧ್ಯಮ ಸ್ಥಿತಿ. ‘ನಾಯ್ಸ್ ರಿಡಕ್ಷನ್’, ‘ಡೈನಾಮಿಕ್ ಕಾಂಟ್ರಾಸ್ಟ್’ ಎರಡನ್ನೂ ಆಫ್ ಮಾಡಿ. ಎರಡನೆಯದನ್ನು ಹಾಗೇ ಬಿಟ್ಟರೆ ಬಿಳಿ ಪುಟ ಬಂದಾಗೆಲ್ಲ ಬೆಳಕು ಏರಿಳಿಯುತ್ತದೆ, ಸೋತ ಕಣ್ಣಿಗೆ ಅದು ದೊಡ್ಡ ಹಿಂಸೆ.

ಆಮೇಲೆ ಎಲ್ಲಕ್ಕಿಂತ ಮುಖ್ಯವಾದ, ಯಾರೂ ಹೇಳದ ಒಂದು ಕೆಲಸ. ಇನ್‌ಪುಟ್ ಪಟ್ಟಿಯಲ್ಲಿ ನಿಮ್ಮ ಎಚ್‌ಡಿಎಂಐ ಪೋರ್ಟಿನ ಹೆಸರನ್ನು ‘ಪಿಸಿ’ ಎಂದು ಬದಲಾಯಿಸಿ. ಎಲ್‌ಜಿ, ಸ್ಯಾಮ್‌ಸಂಗ್ ಟಿವಿಗಳಲ್ಲಿ ಇದು ಬರೀ ಹೆಸರಲ್ಲ. ಕಂಪ್ಯೂಟರ್ ಇದೆ ಎಂದು ಗೊತ್ತಾದರೆ ಟಿವಿ ತನ್ನ ಅಲಂಕಾರ ಬಿಡುತ್ತದೆ, ಬಣ್ಣವನ್ನೂ ಪೂರ್ತಿ ಉಳಿಸಿಕೊಳ್ಳುತ್ತದೆ. ಸೋನಿಯಲ್ಲಿ ‘ಗ್ರಾಫಿಕ್ಸ್’ ಎಂಬ ಚಿತ್ರವಿಧಾನವಿದೆ. ಇನ್ನು ಕೆಲವದರಲ್ಲಿ ‘ಗೇಮ್’ ಇಟ್ಟರೆ ಹತ್ತಿರ ಹತ್ತಿರ ಇದೇ ಫಲ.

ಬಣ್ಣ ಉಳಿಸಿಕೊಳ್ಳುವುದು ಎಂದರೇನು ಎಂಬುದಕ್ಕೆ ನಿಮ್ಮ ಹಾಳೆಯ ಕೆಂಪು-ನೀಲಿ ಸಾಲು ನೋಡಿ. ವಿಡಿಯೋದಲ್ಲಿ ಜಾಗ ಉಳಿಸಲು ಬೆಳಕನ್ನು ಪ್ರತಿ ಚುಕ್ಕಿಗೂ, ಬಣ್ಣವನ್ನು ನಾಲ್ಕು ಚುಕ್ಕಿಗೆ ಒಂದರಂತೆ ಕಳಿಸುವ ಪದ್ಧತಿ ಇದೆ, ಅದಕ್ಕೆ 4:2:0 ಎನ್ನುತ್ತಾರೆ. ಸಿನಿಮಾದಲ್ಲಿ ಗೊತ್ತಾಗುವುದಿಲ್ಲ. ಕೆಂಪಿನ ಮೇಲಿನ ನೀಲಿ ಅಕ್ಷರ ಮಾತ್ರ ಒದ್ದೆ ಕಾಗದದ ಶಾಯಿಯ ಹಾಗೆ ಹರಡುತ್ತದೆ. ಪ್ರತಿ ಚುಕ್ಕಿಗೂ ಬಣ್ಣ ಬರುವುದು 4:4:4 ಅಥವಾ ಆರ್‌ಜಿಬಿ. ‘ಪಿಸಿ’ ಹೆಸರಿಟ್ಟ ಕ್ಷಣ ನಮ್ಮ ಟಿವಿಯಲ್ಲಿ ಆ ಸಾಲು ಗಟ್ಟಿಯಾಯಿತು. ಕಪ್ಪು ಅಕ್ಷರ ಬೂದಾಗಿ ಕಂಡರೆ ಅದು ಬೇರೆ ತಕರಾರು: ಕಂಪ್ಯೂಟರ್ ಒಂದು ಲೆಕ್ಕದಲ್ಲಿ, 16ರಿಂದ 235ರವರೆಗೆ, ಟಿವಿ ಇನ್ನೊಂದು ಲೆಕ್ಕದಲ್ಲಿ, 0ಯಿಂದ 255ರವರೆಗೆ ಬೆಳಕನ್ನು ಅಳೆಯುತ್ತಿರುತ್ತದೆ. ಗ್ರಾಫಿಕ್ಸ್ ತಂತ್ರಾಂಶದಲ್ಲಿ ‘ಫುಲ್ ರೇಂಜ್’, ಟಿವಿಯ ‘ಬ್ಲ್ಯಾಕ್ ಲೆವೆಲ್’ ಅದಕ್ಕೆ ಹೊಂದುವಂತೆ, ಎರಡೂ ಒಂದೇ ಆಗಬೇಕು.

4ಕೆ ಟಿವಿ ತಂದಮೇಲೆ

ಕಳೆದ ದೀಪಾವಳಿಗೆ 43 ಇಂಚಿನ 4ಕೆ ಟಿವಿ ತಂದೆವು. ಲೆಕ್ಕ ಹಾಕಿಯೇ ತಂದದ್ದು. 32 ಇಂಚಿನ ಹಳೆಯ ಟಿವಿಯಲ್ಲಿ ಒಂದೊಂದು ಚುಕ್ಕಿ ಅರ್ಧ ಮಿಲಿಮೀಟರ್ ಇತ್ತು. 43 ಇಂಚಿನ ಫುಲ್ ಎಚ್‌ಡಿಯಲ್ಲೂ ಅರ್ಧ ಮಿಲಿಮೀಟರೇ. 3840×2160 ಚುಕ್ಕಿ ಇರುವ 4ಕೆಯಲ್ಲಿ ಅದು ಕಾಲು ಮಿಲಿಮೀಟರ್. ನಾಲ್ಕಡಿ ದೂರದಲ್ಲಿ ಕೂತು ಒತ್ತಕ್ಷರ ಬಿಡಿಸಿ ಓದುವವರಿಗೆ ಈ ವ್ಯತ್ಯಾಸಕ್ಕೆ ಕೊಟ್ಟ ಹಣ ಸಾರ್ಥಕ. ಹತ್ತಡಿ ದೂರದಿಂದ ನೋಡುವವರಾದರೆ ನಾನು ಕೊಳ್ಳಿ ಎನ್ನುವುದಿಲ್ಲ.

ಆದರೆ ನನ್ನ ಲ್ಯಾಪ್‌ಟಾಪ್ ಹಳೆಯದು, ಅದರ ಪೋರ್ಟು ಎಚ್‌ಡಿಎಂಐ 1.4, 2009ರ ಮಾನದಂಡದ್ದು. ಅದರಲ್ಲಿ 4ಕೆ ಚಿತ್ರ ಪೂರ್ತಿ ಬಣ್ಣದಲ್ಲಿ ಸೆಕೆಂಡಿಗೆ 30 ಸಲ ಮಾತ್ರ ಹೋಗುತ್ತದೆ. 60 ಸಲ ಪೂರ್ತಿ ಬಣ್ಣದಲ್ಲಿ ಕಳಿಸಲು 2013ರಲ್ಲಿ ಬಂದ 2.0 ಬೇಕು, ಅದರ ದಾರಿ ಸೆಕೆಂಡಿಗೆ 18 ಗಿಗಾಬಿಟ್ ಅಗಲದ್ದು. 30ರಲ್ಲಿ ಮೌಸ್ ಎಳೆದರೆ ಬಾಣ ಹಿಂದೆ ಬಿದ್ದಂತೆ ಅನಿಸುತ್ತದೆ. ತಮ್ಮ ಬಂದವನು ಇದನ್ನು ನೋಡಲಾರದೆ 1920×1080ಕ್ಕೆ ಇಳಿಸಿ 60 ಮಾಡಿಟ್ಟು ಹೋದ. ಮರುದಿನ ಬೆಳಿಗ್ಗೆ ಅಪ್ಪಯ್ಯ, “ನಿನ್ನೆಯ ಅಕ್ಷರ ಎಲ್ಲಿ ಹೋಯ್ತು?” ಎಂದು ಕೇಳಿದರು. ವಾಪಸು 30ಕ್ಕೆ ಹಾಕಿದೆ. ಓದುವ ಪುಟ ನಿಂತಿರುತ್ತದೆ, ಅದಕ್ಕೆ ವೇಗ ಬೇಡ, ಚುಕ್ಕಿ ಬೇಕು.

ನಿಮ್ಮ ಕಂಪ್ಯೂಟರ್ ಹೊಸದಾಗಿದ್ದರೆ ಎರಡೂ ಸಿಗುತ್ತದೆ, ಟಿವಿಯ ಕಡೆ ಮೂರು ವಿಷಯ ನೋಡಿಕೊಳ್ಳಿ. ಒಂದು, ಅಗ್ಗದ 4ಕೆ ಟಿವಿಗಳಲ್ಲಿ ಎಲ್ಲ ಪೋರ್ಟೂ ಸಮನಲ್ಲ, ಪಕ್ಕದಲ್ಲಿ ‘4ಕೆ 60’ ಎಂದು ಬರೆದಿರುವ ಪೋರ್ಟಿಗೇ ಹಾಕಿ. ಇನ್ನೊಂದು, ಟಿವಿಯ ಪಟ್ಟಿಯಲ್ಲಿ ಆ ಪೋರ್ಟಿನ ‘ಅಲ್ಟ್ರಾ ಎಚ್‌ಡಿ ಡೀಪ್ ಕಲರ್’ ಅಥವಾ ‘ಎನ್‌ಹ್ಯಾನ್ಸ್‌ಡ್ ಫಾರ್ಮ್ಯಾಟ್’ ಹಾಕಬೇಕು. ಕಾರ್ಖಾನೆಯಿಂದ ಬರುವಾಗ ಎಷ್ಟೋ ಟಿವಿಯಲ್ಲಿ ಅದು ಆರಿರುತ್ತದೆ. ಮತ್ತೆ ಕೇಬಲ್. ‘ಪ್ರೀಮಿಯಂ ಹೈ ಸ್ಪೀಡ್’ ಗುರುತಿನದು ಸಾಕು, ಎರಡು ಮೀಟರಿನದು. ಚಿನ್ನದ ಲೇಪಕ್ಕೆ ಹೆಚ್ಚು ಹಣ ಕೊಡಬೇಡಿ. ಸಂಕೇತ ಡಿಜಿಟಲ್ ಆದ್ದರಿಂದ ಕೆಟ್ಟ ಕೇಬಲ್ ಚಿತ್ರವನ್ನು ಮಸುಕು ಮಾಡುವುದಿಲ್ಲ. ಬಿಳಿ ಚುಕ್ಕಿಗಳು ಮಿಣಮಿಣ ಅನ್ನುತ್ತವೆ, ಇಲ್ಲವೇ ಪರದೆ ಆಗಾಗ ಕಪ್ಪಾಗಿ ಬರುತ್ತದೆ. ಮಸುಕಿದ್ದರೆ ತಪ್ಪು ಮೇಲೆ ಹೇಳಿದ ಎಲ್ಲೋ ಒಂದು ಕಡೆ ಇದೆ.

ಶಬ್ದ ಬರುತ್ತಿಲ್ಲವೆಂದು ಬಹಳ ಜನ ಹೆದರುತ್ತಾರೆ. ಕೆಳಗಿನ ಪಟ್ಟಿಯ ಸ್ಪೀಕರ್ ಚಿತ್ರ ಒತ್ತಿ, ಪಟ್ಟಿಯಲ್ಲಿ ಟಿವಿಯ ಹೆಸರು ಆರಿಸಿ. ಅಷ್ಟೇ. ಲ್ಯಾಪ್‌ಟಾಪ್ ಮುಚ್ಚಿದರೆ ಟಿವಿಯೂ ಆರುತ್ತಿದ್ದರೆ ಕಂಟ್ರೋಲ್ ಪ್ಯಾನೆಲಿನ ಪವರ್ ಆಯ್ಕೆಗಳಲ್ಲಿ ಮುಚ್ಚಳ ಮುಚ್ಚಿದಾಗ ‘ಡು ನತಿಂಗ್’ ಎಂದಿಡಿ. ಲ್ಯಾಪ್‌ಟಾಪಿನ ಗಾಳಿಯ ಸಂದು ಮುಚ್ಚಬಾರದು, ನಾನು ಎರಡು ಮರದ ತುಂಡಿನ ಮೇಲೆ ಇಟ್ಟಿದ್ದೇನೆ.

ಓದುವ ಪರದೆ

ಅಪ್ಪಯ್ಯನಿಗೆ ಮೌಸು, ಕೀಬೋರ್ಡು ಎರಡೂ ವೈರಿಲ್ಲದ್ದು. ಅದರ ಸಂಕೇತ ಹಿಡಿಯುವ ಸಣ್ಣ ಡಾಂಗಲ್ ಲ್ಯಾಪ್‌ಟಾಪಿನ ನೀಲಿ ಯುಎಸ್‌ಬಿಯಲ್ಲಿದ್ದಾಗ ಬಾಣ ತಡವರಿಸುತ್ತಿತ್ತು. ನೀಲಿ ಎಂದರೆ ಯುಎಸ್‌ಬಿ 3, ಅದರ ಗದ್ದಲ ಮೌಸು ಬಳಸುವ 2.4 ಗಿಗಾಹರ್ಟ್ಸ್ ಅಲೆಗೆ ಅಡ್ಡ ಬರುತ್ತದೆ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ ಡಾಂಗಲನ್ನು ಟಿವಿಯ ಮುಂದೆ ತಂದೆ, ಸರಿಯಾಯಿತು.

‘ಡಿಸ್‌ಪ್ಲೇ’ ಪಟ್ಟಿಯ ‘ಸ್ಕೇಲ್’ 250ರಲ್ಲಿದೆ. ಚುಕ್ಕಿಗಳ ಸಂಖ್ಯೆ ಇಳಿಸಿ ಅಕ್ಷರ ದೊಡ್ಡದು ಮಾಡಬಾರದು, ಚುಕ್ಕಿ ಪೂರ್ತಿ ಇಟ್ಟು ಸ್ಕೇಲ್ ಏರಿಸಬೇಕು. ಇನ್ನೂ ದೊಡ್ಡದು ಬೇಕಾದಾಗ ವಿಂಡೋಸ್ ಕೀ ಹಿಡಿದು ಕೂಡಿಸುವ ಗುರುತು ಒತ್ತಿದರೆ ಮ್ಯಾಗ್ನಿಫೈಯರ್ ಬರುತ್ತದೆ. ಅದು ತೆರೆದಿರುವಾಗ ಕಂಟ್ರೋಲ್, ಆಲ್ಟ್, ಐ ಒಟ್ಟಿಗೆ ಒತ್ತಿದರೆ ಬಿಳಿ ಪುಟ ಕಪ್ಪಾಗಿ ಅಕ್ಷರ ಬಿಳಿಯಾಗುತ್ತದೆ. ಹಗಲು ಅಪ್ಪಯ್ಯ ಬಿಳಿ ಪುಟ ಓದುತ್ತಾರೆ, ದೀಪ ಹಚ್ಚಿದ ಮೇಲೆ ಕಪ್ಪು. ಮುಚ್ಚಲು ವಿಂಡೋಸ್ ಕೀ ಜೊತೆ ಎಸ್ಕೇಪ್. ಅಕ್ಷರದ ಅಂಚು ತಿದ್ದುವ ‘ಕ್ಲಿಯರ್‌ಟೈಪ್’ ಅನ್ನು ಸ್ಟಾರ್ಟ್‌ನಲ್ಲಿ ಹುಡುಕಿ, ಬರುವ ನಮೂನೆಗಳಲ್ಲಿ ಓದುವವರನ್ನೇ ಕೇಳಿ ಆರಿಸಿ. ನಿಮ್ಮ ಕಣ್ಣಿಗೆ ಚೆನ್ನಾಗಿ ಕಂಡದ್ದು ಅವರಿಗೆ ಚೆನ್ನಾಗಿರಬೇಕೆಂದಿಲ್ಲ. ವಿಕಿಸೋರ್ಸ್‌ನಂಥ ಕಡೆ ಟೈಪ್ ಮಾಡಿದ ಪಠ್ಯ ಸಿಕ್ಕಿದರೆ ಅದನ್ನು ನೋಟೋ ಸ್ಯಾನ್ಸ್ ಕನ್ನಡ ಎಂಬ ಫಾಂಟಿನ ತುಸು ದಪ್ಪ ನಮೂನೆಗೆ ಹಾಕಿಕೊಡುತ್ತೇನೆ. ತೀರಾ ದಪ್ಪ ಮಾಡಿದರೆ ಮತ್ತೆ ಥಕಾರದ ಚುಕ್ಕಿಗೇ ಸಂಚಕಾರ.

ಸಿಡಿಲಿನ ದಿನಗಳು

ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ ನಮ್ಮ ಕಡೆ ಸಿಡಿಲು ಜಾಸ್ತಿ. ಒಂದು ಸಂಜೆ ಟಿವಿಯ ಪ್ಲಗ್ ತೆಗೆದಿದ್ದೆ, ಆದರೂ ಎಚ್‌ಡಿಎಂಐ 1 ಸತ್ತುಹೋಯಿತು. ಡಿಶ್ಶಿನ ವೈರಿನಿಂದ ಸೆಟ್ ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಕೇಬಲಿನಲ್ಲಿ ಟಿವಿಗೆ ಹೊಡೆತ ಬಂದಿತ್ತು. ಪ್ಲಗ್ ತೆಗೆದರೆ ಒಂದು ದಾರಿ ಮಾತ್ರ ಮುಚ್ಚಿದಂತೆ. ಈಗ ಮೋಡ ಕಟ್ಟುವ ಮೊದಲೇ ನಾಲ್ಕು ಎಳೆಯುತ್ತೇವೆ: ಟಿವಿ ಮತ್ತು ಬಾಕ್ಸಿನ ಪ್ಲಗ್ಗುಗಳು, ಬಾಕ್ಸಿಗೆ ಬರುವ ಡಿಶ್ ವೈರು, ಇಂಟರ್ನೆಟ್ಟಿನ ವೈರು, ಲ್ಯಾಪ್‌ಟಾಪಿನ ಎಚ್‌ಡಿಎಂಐ. ಗುಡುಗು ಶುರುವಾದ ಮೇಲೆ ವೈರು ಮುಟ್ಟಲು ಹೋಗಬೇಡಿ.

ನಾನು ಶಾಲೆಯಲ್ಲಿರುವಾಗ ಮೋಡ ಬಂದರೆ ಎಳೆಯುವವರು, ಆಮೇಲೆ ವಾಪಸು ಹಾಕುವವರು ಅಪ್ಪಯ್ಯನೇ. ಅದಕ್ಕೆ ಪ್ರತಿ ವೈರಿನ ತುದಿಗೂ ಬಿಳಿ ಪ್ಲಾಸ್ಟರ್ ಸುತ್ತಿ ದಪ್ಪ ಮಾರ್ಕರಿನಲ್ಲಿ ಬರೆದಿದ್ದೇನೆ, ಟಿವಿಯ ಹಿಂದೆ ಅದೇ ಸಂಖ್ಯೆಯನ್ನು ಎರಡು ಇಂಚು ಎತ್ತರಕ್ಕೆ ಬರೆದು ಅಂಟಿಸಿದ್ದೇನೆ. ಕಂಪ್ಯೂಟರಿನದು 2, ಡಿಶ್ಶಿನದು 3. ಸತ್ತುಹೋದ 1ರ ಬಾಯಿಗೆ ಕಪ್ಪು ಟೇಪು.